ಕರುಳಿನ ನೆಂಟರು, ಕರುಳಿನ ಮನೆಯವರು

ಆರೋಗ್ಯಕ್ಕೆಂದು ಜೀವಂತ ಬ್ಯಾಕ್ಟೀರಿಯಾ ತುಂಬಿ ಮಾರುವ ಒಂದು ಪ್ರೊಬಯಾಟಿಕ್ ಕ್ಯಾಪ್ಸೂಲ್‌ನಿಂದ ಶುರು ಮಾಡೋಣ. ಡಬ್ಬಿಯ ಮೇಲೆ ‘10 ಬಿಲಿಯನ್ ಸಿಎಫ್‌ಯು’ ಎಂದು ಬರೆದಿದೆ ಎಂದುಕೊಳ್ಳಿ. ಅದು ಒಳಗಿರುವ ಜೀವಂತ ಘಟಕಗಳ ಎಣಿಕೆ. ನಮ್ಮ ಲೆಕ್ಕದಲ್ಲಿ ಅದು ಸಾವಿರ ಕೋಟಿ. ಕೇಳಿದರೆ ತಲೆ ತಿರುಗುವಷ್ಟು ದೊಡ್ಡ ಸಂಖ್ಯೆ. ಆದರೆ ಅದು ಹೋಗಿ ಸೇರುವ ಜಾಗದ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. 2016ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಈ ಬ್ಯಾಕ್ಟೀರಿಯಾಗಳೆಲ್ಲ ಸೇರಿ ತೂಗುವುದು 200 ಗ್ರಾಂ ಆಸುಪಾಸು, ವಾಸ ಹೆಚ್ಚುಕಡಿಮೆ ಪೂರ್ತಿ ದೊಡ್ಡ ಕರುಳಿನಲ್ಲಿ. ಅಂದರೆ ಕ್ಯಾಪ್ಸೂಲಿನಿಂದ ಹೋಗುವ ಒಂದೊಂದು ಜೀವಿಗೆ ಎದುರಾಗಿ ಒಳಗೆ 3,800 ಜೀವಿಗಳು ಆಗಲೇ ಬೀಡುಬಿಟ್ಟಿವೆ.

ಹಾಗಾಗಿ ‘ಒಳ್ಳೆಯ ಬ್ಯಾಕ್ಟೀರಿಯಾ ತುಂಬಿಸುತ್ತೇವೆ’ ಎನ್ನುವ ಮಾತು ಲೆಕ್ಕಕ್ಕೇ ನಿಲ್ಲುವುದಿಲ್ಲ. ಹೊರಗಿನಿಂದ ಬರುವವು ನೆಂಟರು. ಹೆಚ್ಚಿನ ತಳಿಗಳು ಸೇವನೆ ನಿಲ್ಲಿಸಿದ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಮಲದಲ್ಲಿ ಕಾಣಿಸದಂತಾಗುತ್ತವೆ. ನೆಂಟರಿಂದ ಉಪಯೋಗವಿಲ್ಲ ಎಂದಲ್ಲ. ಇರುವಷ್ಟು ಹೊತ್ತು ಆಮ್ಲ ತಯಾರಿಸುತ್ತವೆ, ರೋಗಾಣುಗಳಿಗೆ ಜಾಗ ಸಿಗದಂತೆ ಅಡ್ಡ ನಿಲ್ಲುತ್ತವೆ, ಕರುಳಿನ ಗೋಡೆಯ ರೋಗನಿರೋಧಕ ಕೋಶಗಳನ್ನು ಎಚ್ಚರಿಸುತ್ತವೆ. ಆದರೆ ಮನೆ ನಡೆಸುವುದು ಮನೆಯವರೇ. ಇವತ್ತಿನ ಮಾತೆಲ್ಲ ಈ ವ್ಯತ್ಯಾಸದ ಸುತ್ತಲೇ.

ಮೊದಲು ಮನೆಯವರ ವಿಚಾರ. ಜಠರದ ಆಮ್ಲದಲ್ಲಿ ಬದುಕುವವು ಕಡಿಮೆ. ಅಲ್ಲಿ ಒಂದು ಮಿಲಿಲೀಟರಿನಲ್ಲಿ ಸಿಗುವುದು ಸಾವಿರ, ಹತ್ತು ಸಾವಿರದ ಲೆಕ್ಕ. ದೊಡ್ಡ ಕರುಳಿಗೆ ಬಂದರೆ ಅದೇ ಒಂದು ಮಿಲಿಲೀಟರಿನಲ್ಲಿ ಹತ್ತು ಸಾವಿರ ಕೋಟಿ. ಆಮ್ಲಜನಕ ಇಲ್ಲದ, ಬೆಚ್ಚಗಿನ ಈ ಜಾಗಕ್ಕೆ ನಮ್ಮ ಜೀರ್ಣರಸಗಳು ಒಡೆಯಲಾಗದೆ ಬಿಟ್ಟ ನಾರು ಬಂದು ಬೀಳುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಮೂರು ಮುಖ್ಯ ಆಮ್ಲಗಳನ್ನು ಕೊಡುತ್ತವೆ: ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಇವುಗಳಲ್ಲಿ ಬ್ಯುಟಿರೇಟ್ ವಿಶೇಷ. ದೊಡ್ಡ ಕರುಳಿನ ಒಳಗೋಡೆಯ ಕೋಶಗಳು ತಮ್ಮ ಶಕ್ತಿಯ ಸುಮಾರು 70 ಶೇಕಡಾ ಪಾಲನ್ನು ಇದರಿಂದಲೇ ಪಡೆಯುತ್ತವೆ. ಅದನ್ನು ಉರಿಸುವಾಗ ಆ ಕೋಶಗಳು ಆಮ್ಲಜನಕವನ್ನೂ ಬಳಸಿ ಮುಗಿಸುವುದರಿಂದ ಕರುಳಿನೊಳಗೆ ಆಮ್ಲಜನಕ ಸೋರುವುದಿಲ್ಲ. ಆಮ್ಲಜನಕ ಸಿಕ್ಕರೆ ಹಿಗ್ಗುವ ಉಪದ್ರವಿ ಬ್ಯಾಕ್ಟೀರಿಯಾಗಳಿಗೆ ಆಸ್ಪದವೂ ಸಿಗುವುದಿಲ್ಲ. ನಾರು ನಿಂತರೆ ಈ ಸರಪಳಿ ಮೊದಲ ಕೊಂಡಿಯಲ್ಲೇ ಕಡಿಯುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ನಾರು ಸಿಗದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆ ಪದರವನ್ನೇ ತಿನ್ನಲು ಶುರುಮಾಡಿದ್ದು ಕಂಡಿದೆ.

ಇನ್ನು ‘ಸಮತೋಲನ’ ಎಂಬ ಪದ. ಆರೋಗ್ಯವಂತರಾದ ಇಬ್ಬರ ಕರುಳಿನ ಬ್ಯಾಕ್ಟೀರಿಯಾ ಪಟ್ಟಿ ಒಂದಕ್ಕೊಂದು ಹೋಲದೆ ಇರಬಹುದು. ಇಂತಿಷ್ಟು ಇದು, ಇಂತಿಷ್ಟು ಅದು ಇರಲೇಬೇಕು ಎಂಬ ಒಪ್ಪಿತ ಅಳತೆ ಇನ್ನೂ ಇಲ್ಲ. ಬಗೆಬಗೆಯ ಜೀವಿಗಳಿರುವುದು, ಆಂಟಿಬಯಾಟಿಕ್ ಅಥವಾ ಭೇದಿಯ ಪೆಟ್ಟು ಬಿದ್ದರೂ ಮತ್ತೆ ಚೇತರಿಸಿಕೊಳ್ಳುವುದು, ಇವೇ ನಮಗೆ ತಿಳಿದಿರುವ ಒಳ್ಳೆಯ ಗುರುತುಗಳು.

ನೆಂಟರನ್ನು ಕರೆಸುವ ಯೋಚನೆ ಹೊಸದಲ್ಲ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸಿಯೆ ಸುಮಾರು 1900ರ ಹೊತ್ತಿಗೆ ತಾಯಿಯ ಹಾಲು ಕುಡಿಯುವ ಶಿಶುಗಳ ಮಲದಲ್ಲಿ ಕವಲೊಡೆದ ಆಕಾರದ ಬ್ಯಾಕ್ಟೀರಿಯಾ ಕಂಡರು. ಇವತ್ತು ನಾವು ಬೈಫಿಡೊಬ್ಯಾಕ್ಟೀರಿಯಂ ಎನ್ನುವುದು ಅದನ್ನೇ. ಅದೇ ಸಂಸ್ಥೆಯ ಇಲ್ಯಾ ಮೆಚ್ನಿಕಾಫ್, 1908ರ ನೊಬೆಲ್ ಪಡೆದವರು, ಹುಳಿ ಹಾಲಿನ ಬ್ಯಾಕ್ಟೀರಿಯಾ ಮುಪ್ಪನ್ನು ಮುಂದೂಡುತ್ತದೆ ಎಂದು ವಾದಿಸಿದರು. 1917ರಲ್ಲಿ ಜರ್ಮನಿಯ ಆಲ್ಫ್ರೆಡ್ ನಿಸ್ಲೆ ಮಾಡಿದ ಕೆಲಸ ಇನ್ನೂ ಸ್ವಾರಸ್ಯದ್ದು. ಸುತ್ತಲಿನವರೆಲ್ಲ ಆಮಶಂಕೆಯಿಂದ ಮಲಗಿದ್ದಾಗ ಒಬ್ಬ ಸೈನಿಕನಿಗೆ ಮಾತ್ರ ಏನೂ ಆಗಿರಲಿಲ್ಲ. ಅವನ ಮಲದಿಂದ ನಿಸ್ಲೆ ಬೇರ್ಪಡಿಸಿದ ಇ. ಕೊಲೈ ಬ್ಯಾಕ್ಟೀರಿಯಾದ ತಳಿ ‘ನಿಸ್ಲೆ 1917’ ಎಂಬ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಇ. ಕೊಲೈ ಎಂದರೆ ಹೆದರುವವರು ಇದನ್ನು ಗಮನಿಸಬೇಕು. ಒಂದೇ ಪ್ರಭೇದದ ಒಂದು ತಳಿ ಕಾಯಿಲೆ ತಂದರೆ ಇನ್ನೊಂದು ತಳಿ ಮದ್ದಾಗುತ್ತದೆ.

ತಳಿ ಎಂಬ ಈ ಮಾತು ಹಿಡಿದುಕೊಂಡೇ ಲೇಬಲ್ ಓದೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆಯಂತೆ, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನ ತರುವ ಜೀವಂತ ಸೂಕ್ಷ್ಮಾಣುಗಳಿಗೆ ಮಾತ್ರ ಪ್ರೊಬಯಾಟಿಕ್ ಎನ್ನಬೇಕು. ಜೀವಂತವಾಗಿರಬೇಕು, ಪ್ರಮಾಣ ಸಾಕಷ್ಟಿರಬೇಕು, ಪ್ರಯೋಜನ ಸಾಬೀತಾಗಿರಬೇಕು. ಈ ಮೂರನ್ನೂ ಡಬ್ಬಿ ಹೇಳುತ್ತಿದೆಯೇ ನೋಡಿ.

ಹೆಸರು ಮೂರು ಭಾಗದಲ್ಲಿರಬೇಕು: ಕುಲ, ಪ್ರಭೇದ, ತಳಿ. ‘ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ’ ಎಂದರೆ ಹೆಸರು ಪೂರ್ತಿಯಾಯಿತು. ಬರೀ ‘ಲ್ಯಾಕ್ಟೊಬ್ಯಾಸಿಲಸ್’ ಎಂದಿದ್ದರೆ ಅದು ‘ನಾಯಿ ಸಾಕಿದ್ದೇನೆ’ ಎಂದಷ್ಟೇ ಹೇಳಿದ ಹಾಗೆ. ಕಾವಲಿನದೋ ಮಡಿಲಲ್ಲಿ ಮಲಗುವುದೋ ತಿಳಿಯಲಿಲ್ಲ. 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ದೊಡ್ಡ ಕುಲವನ್ನು 25 ಕುಲಗಳಾಗಿ ಒಡೆದರು. ಹಾಗಾಗಿ ಈಗಿನ ಡಬ್ಬಿಗಳಲ್ಲಿ ‘ಲ್ಯಾಕ್ಟಿಕೇಸಿಬ್ಯಾಸಿಲಸ್ ರ‍್ಯಾಮ್ನೋಸಸ್’, ‘ಲಿಮೋಸಿಲ್ಯಾಕ್ಟೊಬ್ಯಾಸಿಲಸ್ ರ‍್ಯೂಟೆರಿ’ ಎಂಬ ಹೆಸರು ಕಂಡರೆ ಗಾಬರಿ ಬೇಡ. ಜೀವಿ ಹಳೆಯದೇ, ಹೆಸರು ಮಾತ್ರ ಹೊಸದು.

ಮುಂದಿನದು ಸಂಖ್ಯೆ. ಸಿಎಫ್‌ಯು ಎಂದರೆ ತಟ್ಟೆಯಲ್ಲಿ ಬೆಳೆಸಿದಾಗ ಗುಂಪು ಕಟ್ಟಬಲ್ಲ ಜೀವಂತ ಘಟಕಗಳ ಎಣಿಕೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ಎಣಿಕೆ ಯಾವತ್ತಿನದು? ‘ತಯಾರಿಕೆಯ ಸಮಯದಲ್ಲಿ’ ಎಂದಿದ್ದರೆ ಕೊಳ್ಳುವ ಹೊತ್ತಿಗೆ ಎಷ್ಟು ಉಳಿದಿವೆಯೋ ಹೇಳಲಾಗದು. ‘ಬಳಕೆಯ ಅವಧಿ ಮುಗಿಯುವವರೆಗೆ’ ಎಂದಿರುವುದನ್ನೇ ಆರಿಸಿ. ಹತ್ತಾರು ತಳಿಗಳನ್ನು ಸೇರಿಸಿ ಒಟ್ಟು ಎಣಿಕೆ ಮಾತ್ರ ಕೊಟ್ಟಿದ್ದರೆ, ನಿಮಗೆ ಬೇಕಾದ ತಳಿ ಅದರಲ್ಲಿ ಚಿಟಿಕೆಯಷ್ಟೇ ಇರಬಹುದು. ತಳಿ ಹೆಚ್ಚಿದಷ್ಟೂ ಒಳ್ಳೆಯದು, ಬಿಲಿಯನ್ ಹೆಚ್ಚಿದಷ್ಟೂ ಒಳ್ಳೆಯದು ಎಂಬುದಕ್ಕೆ ಆಧಾರವಿಲ್ಲ. ಯಾವ ತಳಿ, ಯಾವ ಪ್ರಮಾಣದಲ್ಲಿ, ಯಾವ ತೊಂದರೆಗೆ ಪರೀಕ್ಷೆಯಾಗಿದೆ ಎಂಬುದಷ್ಟೇ ಮುಖ್ಯ.

ಕ್ಯಾಪ್ಸೂಲಿನ ಪುಡಿಯೊಳಗಿನ ಜೀವಿಗಳು ತೇವ ತೆಗೆದು ನಿದ್ದೆಗೆ ಹಾಕಿದಂಥವು. ತೇವ ತಾಗಿದರೆ ಎಚ್ಚರಾಗುತ್ತವೆ; ಎದ್ದ ಕಡೆ ತಿನ್ನಲು ಏನೂ ಇರದೆ ಸಾಯುತ್ತವೆ. ಕೆಡುವುದು ಹೆಚ್ಚಾಗಿ ಮನೆಯಲ್ಲೇ. ಒದ್ದೆ ಕೈಯಲ್ಲಿ ಡಬ್ಬಿ ತೆಗೆಯುತ್ತಾರೆ, ತೇವ ಹೀರುವ ಪುಟ್ಟ ಪೊಟ್ಟಣವನ್ನು ಎಸೆಯುತ್ತಾರೆ, ವಾರದ ಮಾತ್ರೆಗಳ ಖಾನೆಗೆ ಸುರಿದಿಡುತ್ತಾರೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಡಬ್ಬಿಯನ್ನು ಹೊರಗೆ ತೆರೆದಿಟ್ಟರೆ ಒಳಗೋಡೆಯಲ್ಲಿ ಮಂಜು ಕಟ್ಟುತ್ತದೆ, ಅದೂ ತೇವವೇ. ಬೇಕಾದ ಒಂದನ್ನು ತೆಗೆದು ಕೂಡಲೇ ಮುಚ್ಚಿ ವಾಪಸ್ ಇಡಿ. ಬಿಸಿ ಪಾನೀಯಕ್ಕೆ, ಬಿಸಿ ಗಂಜಿಗೆ ಬೆರೆಸಬೇಡಿ. 50–60 ಡಿಗ್ರಿ ದಾಟಿದರೆ ಹೆಚ್ಚಿನವು ಉಳಿಯುವುದಿಲ್ಲ. ಊಟದ ಜತೆ ಅಥವಾ ಊಟಕ್ಕೆ ಅರ್ಧ ಗಂಟೆ ಮೊದಲು ನುಂಗುವುದು ಒಳ್ಳೆಯದು. ಆಹಾರವಿದ್ದಾಗ ಜಠರದ ಆಮ್ಲದ ಮೊನಚು ಕಡಿಮೆ.

ಯಾವುದಕ್ಕೆ ಕೆಲಸ ಮಾಡುತ್ತದೆ? ಗಟ್ಟಿ ಸಾಕ್ಷಿ ಇರುವುದು ಆಂಟಿಬಯಾಟಿಕ್‌ನಿಂದ ಬರುವ ಭೇದಿ ತಡೆಯುವುದಕ್ಕೆ. ಮಕ್ಕಳ ಮೇಲಿನ 33 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬಂದ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯಲ್ಲಿ, ಪ್ರೊಬಯಾಟಿಕ್ ಪಡೆದವರಲ್ಲಿ 8 ಶೇಕಡಾ ಮಕ್ಕಳಿಗೆ ಭೇದಿಯಾದರೆ ಪಡೆಯದವರಲ್ಲಿ 19 ಶೇಕಡಾ. ದಿನಕ್ಕೆ 5 ಬಿಲಿಯನ್ ಮತ್ತು ಅದಕ್ಕೂ ಮೇಲಿನ ಪ್ರಮಾಣದಲ್ಲಿ ಪರಿಣಾಮ ಚೆನ್ನಾಗಿತ್ತು. ಮುಂದೆ ಬಂದ ಪ್ರಭೇದಗಳು ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್ ಮತ್ತು ಸ್ಯಾಕರೊಮೈಸಿಸ್ ಬೌಲಾರ್ಡಿ. ಆಂಟಿಬಯಾಟಿಕ್ ಶುರುವಾದ ಎರಡು ದಿನದೊಳಗೆ ಇದನ್ನೂ ಶುರುಮಾಡಬೇಕು, ಎರಡರ ನಡುವೆ ಕನಿಷ್ಠ 2 ಗಂಟೆ ಅಂತರ ಬೇಕು; ಇಲ್ಲದಿದ್ದರೆ ಔಷಧ ನೆಂಟರನ್ನೂ ಕೊಲ್ಲುತ್ತದೆ. ಬೌಲಾರ್ಡಿ ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಆಂಟಿಬಯಾಟಿಕ್ ಅದನ್ನು ಮುಟ್ಟುವುದಿಲ್ಲ, ಆದರೆ ಶಿಲೀಂಧ್ರದ ಸೋಂಕಿಗೆ ಕೊಡುವ ಮಾತ್ರೆ ಕೊಲ್ಲುತ್ತದೆ.

ಮಕ್ಕಳ ದಿಢೀರ್ ವಾಂತಿಭೇದಿಯಲ್ಲಿ ಚಿತ್ರ ಬೇರೆ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಪ್ರೊಬಯಾಟಿಕ್‌ನಿಂದ ಲಾಭ ಕಾಣಲಿಲ್ಲ. ಅಲ್ಲಿ ಜೀವ ಉಳಿಸುವುದು ಓಆರ್‌ಎಸ್. ಪ್ರೊಬಯಾಟಿಕ್ ಹುಡುಕುತ್ತ ಓಆರ್‌ಎಸ್ ತಡಮಾಡುವುದು ದೊಡ್ಡ ತಪ್ಪು. ಐಬಿಎಸ್ ಎಂಬ ಕರುಳಿನ ಕಿರಿಕಿರಿಯಲ್ಲಿ ಕೆಲವರಿಗೆ ಕೆಲವು ತಳಿ ಒಗ್ಗುತ್ತದೆ, ಹಲವರಿಗೆ ಇಲ್ಲ. ಪ್ರಯತ್ನಿಸುವುದಾದರೆ ಒಂದೇ ಉತ್ಪನ್ನ, ಒಂದೇ ಪ್ರಮಾಣ, 4 ವಾರ. ದಿನಾ ನೋವು, ಉಬ್ಬರ, ಮಲದ ಸ್ಥಿತಿಗೆ 10ರಲ್ಲಿ ಒಂದು ಅಂಕ ಬರೆದಿಡಿ. ನಾಲ್ಕು ವಾರದಲ್ಲಿ ಅಂಕ ಬದಲಾಗದಿದ್ದರೆ ನಿಲ್ಲಿಸಿ. ಈ ನಡುವೆ ಆಹಾರವನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯದು.

ಒಂದು ಅಹಿತಕರ ಫಲಿತಾಂಶವನ್ನೂ ಮುಚ್ಚಿಡಬಾರದು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ 2018ರಲ್ಲಿ, ಆಂಟಿಬಯಾಟಿಕ್ ಪಡೆದ ಆರೋಗ್ಯವಂತರಲ್ಲಿ 11 ತಳಿಗಳ ಮಿಶ್ರಣ ತೆಗೆದುಕೊಂಡವರ ಮೂಲ ಬ್ಯಾಕ್ಟೀರಿಯಾ ಸಮುದಾಯ ಮೊದಲಿನಂತಾಗಲು, ಏನೂ ತೆಗೆದುಕೊಳ್ಳದೆ ಬಿಟ್ಟವರಿಗಿಂತ ಹೆಚ್ಚು ಕಾಲ ಹಿಡಿಯಿತು ಎಂದು ತೋರಿಸಿತು. ಚಿಕ್ಕ ಅಧ್ಯಯನ, ಒಂದೇ ಮಿಶ್ರಣ, ಅವರಾರೂ ಕಾಯಿಲೆ ಬೀಳಲಿಲ್ಲ. ಆದರೂ ನೆಂಟರು ಜಗಲಿ ತುಂಬಾ ಕೂತರೆ ಮನೆಯವರು ಒಳಗೆ ಬರಲು ತಡವಾಗಬಹುದು ಎಂಬ ಸೂಚನೆ ಅದರಲ್ಲಿದೆ. ಆದ್ದರಿಂದ ಭೇದಿಯ ಅಪಾಯ ಹೆಚ್ಚಿರುವವರಿಗೆ, ಹಿಂದೆ ಆಂಟಿಬಯಾಟಿಕ್ ತೆಗೆದುಕೊಂಡಾಗ ನರಳಿದವರಿಗೆ ಇದು ಸರಿ. ಏನೂ ತೊಂದರೆಯಿಲ್ಲದವರು ‘ಇರಲಿ’ ಎಂದು ತಿಂಗಳುಗಟ್ಟಲೆ ನುಂಗುವುದು ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಈಗ ಮನೆಯವರಿಗೆ ಉಣಿಸುವ ಮಾತು. ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಅತಿ ಹೆಚ್ಚಿರುವ ಘನಾಂಶ ಒಂದು ಬಗೆಯ ಸಕ್ಕರೆ ಸರಪಳಿಗಳು. ಆಶ್ಚರ್ಯವೆಂದರೆ ಮಗುವಿಗೆ ಅವನ್ನು ಜೀರ್ಣಿಸಿಕೊಳ್ಳುವ ಶಕ್ತಿಯೇ ಇಲ್ಲ. ಅವು ನೇರ ದೊಡ್ಡ ಕರುಳಿಗೆ ಹೋಗಿ ಬೈಫಿಡೊಬ್ಯಾಕ್ಟೀರಿಯಾಗಳ ಹೊಟ್ಟೆ ತುಂಬಿಸುತ್ತವೆ. ತಾಯಿ ಮಗುವಿಗೆ ಉಣಿಸುವಾಗ ಮಗುವಿನೊಳಗಿನ ಸೂಕ್ಷ್ಮಾಣುವಿಗೂ ಒಂದು ತುತ್ತು ಎತ್ತಿಡುತ್ತಾಳೆ. ಒಳಗಿನ ಬ್ಯಾಕ್ಟೀರಿಯಾಗಳಿಗೆ ಉಣಿಸುವ ಇಂಥ ಆಹಾರಕ್ಕೆ ಪ್ರೀಬಯಾಟಿಕ್ ಎಂಬ ಪದ 1995ರಲ್ಲಿ ಹುಟ್ಟಿದ್ದು, ಕೆಲಸ ಮಾತ್ರ ತಾಯಿಯ ಹಾಲಿನಷ್ಟೇ ಹಳೆಯದು.

ದೊಡ್ಡವರಿಗೆ ಆ ತುತ್ತು ನಾರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಕನಿಷ್ಠ 25 ಗ್ರಾಂ. ಬೇಯಿಸಿದ ಬೇಳೆಕಾಳು 100 ಗ್ರಾಂನಲ್ಲಿ 7–8 ಗ್ರಾಂ, ಸಿಪ್ಪೆ ಸಮೇತ ಒಂದು ಸೇಬಿನಲ್ಲಿ 4, ಓಟ್ಸ್ 40 ಗ್ರಾಂನಲ್ಲಿ 4, ಬಾಳೆಹಣ್ಣಿನಲ್ಲಿ 3 ಗ್ರಾಂ ಎಂದು ಲೆಕ್ಕ ಹಿಡಿಯಿರಿ. ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಇನುಲಿನ್ ಎಂಬ ನಾರು ಇದೆ. ಬೇಯಿಸಿ ತಣ್ಣಗಾದ ಆಲೂಗಡ್ಡೆ, ಅನ್ನದಲ್ಲಿ ಪಿಷ್ಟದ ಒಂದಂಶ ಗಟ್ಟಿಯಾಗಿ ಜೀರ್ಣಕ್ಕೆ ಸಿಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಆದರೆ ಅನ್ನವನ್ನು ಹೊರಗೆ ಗಂಟೆಗಟ್ಟಲೆ ಬಿಟ್ಟು ತಣ್ಣಗಾಗಿಸಬಾರದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ವಿಷ ಕಟ್ಟುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಅಗಲ ತಟ್ಟೆಯಲ್ಲಿ ಹರಡಿ, ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಎಲ್ಲರೂ ಎಡವುವುದು ಅವಸರದಲ್ಲಿ. ಇವತ್ತು 10 ಗ್ರಾಂ, ನಾಳೆ 30 ಗ್ರಾಂ ಎಂದರೆ ಹೊಟ್ಟೆ ತಮಟೆಯಂತಾಗುತ್ತದೆ. ನಾರು ನನಗಾಗದು ಎಂದು ಬಿಟ್ಟುಬಿಡುತ್ತಾರೆ. ಗ್ಯಾಸ್ ಎಂದರೆ ಹುದುಗುವಿಕೆ ನಡೆಯುತ್ತಿದೆ ಎಂದರ್ಥ, ಆದರೆ ಆ ಅನಿಲವನ್ನು ಬಳಸಿಕೊಳ್ಳುವ ಜೀವಿಗಳು ಹೆಚ್ಚಲು ಸಮಯ ಬೇಕು. ವಾರಕ್ಕೆ 5 ಗ್ರಾಂನಷ್ಟು ಏರಿಸಿ, ನೀರನ್ನೂ ಹೆಚ್ಚಿಸಿ. ನೀರಿಲ್ಲದ ನಾರು ಮಲಬದ್ಧತೆಯನ್ನು ಬಿಗಿ ಮಾಡುತ್ತದೆ. ಇನುಲಿನ್ ಪುಡಿಯಾದರೆ ದಿನಕ್ಕೆ 2 ಗ್ರಾಂನಿಂದ ಶುರು. ಐಬಿಎಸ್ ಇರುವವರಿಗೆ ಇನುಲಿನ್, ಈರುಳ್ಳಿ ಒಗ್ಗದಿರಬಹುದು. ಅವರು ಓಟ್ಸ್‌ನಿಂದ ಆರಂಭಿಸಲಿ.

ಹುದುಗಿಸಿದ ಆಹಾರ ಎಲ್ಲಿ ನಿಲ್ಲುತ್ತದೆ? ಸ್ಟ್ಯಾನ್‌ಫರ್ಡ್‌ನಲ್ಲಿ 36 ವಯಸ್ಕರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10 ವಾರ ಹುದುಗಿಸಿದ ಆಹಾರ ಹೆಚ್ಚು ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿ, ಉರಿಯೂತದ ಗುರುತುಗಳು ಇಳಿದವು. ಮೊಸರು, ಕೆಫಿರ್ ಎಂಬ ಹುಳಿ ಹಾಲಿನ ಪಾನೀಯ, ಹುಳಿ ಎಲೆಕೋಸು ಇಂಥವು. ತಳಿ, ಎಣಿಕೆ ಗೊತ್ತಿಲ್ಲದ್ದರಿಂದ ಕಟ್ಟುನಿಟ್ಟಿನ ಅರ್ಥದಲ್ಲಿ ಇವಕ್ಕೆ ಪ್ರೊಬಯಾಟಿಕ್ ಎನ್ನಲಾಗದು. ಒಳ್ಳೆಯ ಆಹಾರ ಎನ್ನಲು ಅಡ್ಡಿಯೇನಿಲ್ಲ. ಹಾಲು ಒಗ್ಗದ ಅನೇಕರಿಗೆ ಮೊಸರು ಒಗ್ಗುವುದು ಅದರ ಬ್ಯಾಕ್ಟೀರಿಯಾಗಳೇ ಲ್ಯಾಕ್ಟೋಸ್ ಒಡೆಯಲು ನೆರವಾಗುವುದರಿಂದ.

ಎಲೆಕೋಸು ಹುದುಗಿಸುವುದು ಹೀಗೆ. ಹೊರ ಎಲೆ ಒಂದನ್ನು ಎತ್ತಿಟ್ಟು, 1 ಕಿಲೋ ಸಣ್ಣಗೆ ಹೆಚ್ಚಿ. 20 ಗ್ರಾಂ ಉಪ್ಪು ಹಾಕಿ. ಚಮಚದ ಲೆಕ್ಕ ಬೇಡ, ತೂಗಿಯೇ ಹಾಕಿ, ಏಕೆಂದರೆ ಪುಡಿ ಉಪ್ಪಿನ ಚಮಚಕ್ಕೂ ಹರಳುಪ್ಪಿನ ಚಮಚಕ್ಕೂ ತೂಕ ಬೇರೆ. ಹತ್ತು ನಿಮಿಷ ಕೈಯಲ್ಲಿ ಕಿವುಚಿದರೆ ತನ್ನ ನೀರು ತಾನೇ ಬಿಡುತ್ತದೆ. ಗಾಜಿನ ಭರಣಿಗೆ ಒತ್ತಿ ತುಂಬಿ, ಎತ್ತಿಟ್ಟ ಎಲೆ ಮುಚ್ಚಿ, ಭಾರ ಹೇರಿ. ತುಂಡುಗಳೆಲ್ಲ ನೀರಿನ ಕೆಳಗೇ ಇರಬೇಕು. ಮುಚ್ಚಳ ಸಡಿಲವಾಗಿರಲಿ, ಮೊದಲ ದಿನಗಳಲ್ಲಿ ಲ್ಯುಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಗುಳ್ಳೆ ಎಬ್ಬಿಸುತ್ತದೆ, ಬಿಗಿದಿಟ್ಟರೆ ಭರಣಿ ಸಿಡಿಯಬಹುದು. ಹುಳಿ ಏರಿದಂತೆ ಅದು ಹಿಂದೆ ಸರಿದು, ಹೆಚ್ಚು ಹುಳಿ ತಾಳುವ ಪ್ಲಾಂಟಾರಮ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮುಂದಾಗುತ್ತದೆ. 18–22 ಡಿಗ್ರಿಯಲ್ಲಿ ಎರಡರಿಂದ ನಾಲ್ಕು ವಾರ. ಸೆಖೆ ಹೆಚ್ಚಿದ್ದರೆ ಬೇಗ ಹುಳಿಯಾಗಿ ಮೆತ್ತಗಾಗುತ್ತದೆ. ಹುಳಿ ಅಳೆಯುವ ಪಿಎಚ್ ಪಟ್ಟಿಯಲ್ಲಿ 4.6ಕ್ಕಿಂತ ಕೆಳಗೆ ಬಂದಿರಲೇಬೇಕು, ಚೆನ್ನಾಗಿ ಆದದ್ದು 4ಕ್ಕಿಂತ ಕೆಳಗಿರುತ್ತದೆ. ಮೇಲೆ ತೆಳ್ಳಗಿನ ಬಿಳಿ ಕೆನೆಯಂಥ ಪದರ ಕಟ್ಟಿದರೆ ಅದು ಯೀಸ್ಟ್, ತೆಗೆದುಹಾಕಿದರಾಯಿತು. ಹಸಿರು, ಕಪ್ಪು, ಗುಲಾಬಿ ಬಣ್ಣದ ರೋಮ ರೋಮ ಬೂಷ್ಟು ಬಂದರೆ ಇಡೀ ಭರಣಿ ಚೆಲ್ಲಿ. ವಿನೆಗರ್ ಸುರಿದು ಮಾಡಿದ ಉಪ್ಪಿನಕಾಯಿಯ ಹುಳಿ ಹುದುಗಿ ಬಂದದ್ದಲ್ಲ. ಹುದುಗಿದ ಮೇಲೆ ಕುದಿಸಿ ಸೀಲ್ ಮಾಡಿದ್ದರಲ್ಲೂ ಜೀವ ಉಳಿದಿರುವುದಿಲ್ಲ.

ಮೊಸರಿಗೆ ಹಾಲನ್ನು 85 ಡಿಗ್ರಿಗೆ ಕಾಯಿಸಿ ಹತ್ತು ನಿಮಿಷ ಬಿಟ್ಟರೆ ಗಟ್ಟಿ ಬರುತ್ತದೆ. ಅದು 43ಕ್ಕೆ ಇಳಿದಾಗ, ಅಂದರೆ ಉಗುರು ಬೆಚ್ಚಗಿನದಕ್ಕಿಂತ ತುಸು ಬಿಸಿ ಇರುವಾಗ, ಲೀಟರಿಗೆ ಎರಡು ಚಮಚ ಹೆಪ್ಪು. ಹೆಪ್ಪು ಹೆಚ್ಚಾದರೆ ಹುಳಿ ಬೇಗ ಏರಿ ಮೊಸರು ಒಡೆದು ನೀರು ಬಿಡುತ್ತದೆ. ಹಾಲು 50 ದಾಟಿದ್ದಾಗ ಹಾಕಿದರೆ ಹೆಪ್ಪೇ ಸಾಯುತ್ತದೆ.

ಪ್ರೊಬಯಾಟಿಕ್‌ನಿಂದ ಯಾರು ದೂರವಿರಬೇಕು ಎಂಬುದನ್ನು ಒತ್ತಿ ಹೇಳಬೇಕು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು, ತೀವ್ರ ನಿಗಾ ಘಟಕದಲ್ಲಿರುವವರು, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರು ವೈದ್ಯರ ಸೂಚನೆಯಿಲ್ಲದೆ ಮುಟ್ಟಬಾರದು. ಅಂಥ ರೋಗಿಯ ಹಾಸಿಗೆಯ ಬಳಿ ಬೌಲಾರ್ಡಿ ಕ್ಯಾಪ್ಸೂಲ್ ಬಿಡಿಸಿದರೂ ಪುಡಿ ಕೈಗೆ ತಗುಲಿ, ಕೊಳವೆಯ ಮೂಲಕ ರಕ್ತಕ್ಕೆ ಯೀಸ್ಟ್ ಸೇರಬಹುದು. ನೆದರ್ಲೆಂಡ್ಸ್‌ನ ಪ್ರಯೋಗವೊಂದರ ಫಲಿತಾಂಶ 2008ರಲ್ಲಿ ಬಂತು. ತೀವ್ರ ಮೇದೋಜೀರಕ ಉರಿಯೂತದ ರೋಗಿಗಳಲ್ಲಿ ಪ್ರೊಬಯಾಟಿಕ್ ಪಡೆದ ಗುಂಪಿನಲ್ಲಿ 16 ಶೇಕಡಾ ಮಂದಿ ತೀರಿಕೊಂಡರು, ಪಡೆಯದವರಲ್ಲಿ 6. ‘ಹೇಗೂ ಕೆಡುಕಿಲ್ಲವಲ್ಲ’ ಎನ್ನುವವರು ಈ ಎರಡು ಅಂಕಿಗಳನ್ನು ನೆನಪಿಡಬೇಕು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಕೊಡುವ ನಿರ್ಧಾರ ನವಜಾತ ಶಿಶು ತಜ್ಞರದ್ದು ಮಾತ್ರ.

ಈ ಮಾತುಗಳನ್ನು ಕೇಳಿದ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇವೆ.

ಆಂಟಿಬಯಾಟಿಕ್ ಮುಗಿದು ಎರಡು ವಾರವಾಯಿತು, ಈಗಲೂ ಭೇದಿ ನಿಂತಿಲ್ಲ, ಪ್ರೊಬಯಾಟಿಕ್ ಶುರು ಮಾಡಲೇ? ಮೊದಲು ವೈದ್ಯರ ಬಳಿ ಹೋಗಿ ಆಂಟಿಬಯಾಟಿಕ್ ನಂತರ ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ಮಲ ಪರೀಕ್ಷೆ ಮಾಡಿಸಿ. ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ನೀರಾಗಿ ಹೋಗುತ್ತಿದ್ದರೆ, ಜ್ವರ, ರಕ್ತ, ಜೋರು ಹೊಟ್ಟೆನೋವು ಇದ್ದರೆ ಅವತ್ತೇ ಹೋಗಿ. ಅಲ್ಲಿಯವರೆಗೆ ಭೇದಿ ಕಟ್ಟುವ ಮಾತ್ರೆಯನ್ನು ಸ್ವಂತಕ್ಕೆ ನುಂಗಬೇಡಿ.

ಕರುಳಿನ ಬ್ಯಾಕ್ಟೀರಿಯಾ ಪಟ್ಟಿ ಕೊಡುವ ಪರೀಕ್ಷೆಗಳನ್ನು ಮಾಡಿಸಬಹುದೇ? ಮಾಡಿಸಿದರೆ ಪಟ್ಟಿ ಸಿಗುತ್ತದೆ. ಆದರೆ ಆ ಪಟ್ಟಿ ನೋಡಿ ಇಂಥವರಿಗೆ ಇಂಥ ತಳಿ ಎಂದು ಬರೆದುಕೊಡುವ ಮಟ್ಟಕ್ಕೆ ವಿಜ್ಞಾನ ಇನ್ನೂ ಬಂದಿಲ್ಲ. ಆಹಾರ ತೀವ್ರವಾಗಿ ಬದಲಾದರೆ ಕೆಲವೇ ದಿನಗಳಲ್ಲಿ ಪಟ್ಟಿಯೂ ಬದಲಾಗುತ್ತದೆ, ಹಳೆಯ ಊಟಕ್ಕೆ ಮರಳಿದರೆ ಅದೂ ಹಿಂದಿನಂತೆ ಮರಳುತ್ತದೆ. ಆ ಹಣದಲ್ಲಿ ಕಾಳು, ಹಣ್ಣು, ತರಕಾರಿ ಕೊಂಡು, ಮೂರು ತಿಂಗಳು ಪ್ರತಿ ವಾರ ಈಗಿನದಕ್ಕಿಂತ ಐದು ಬಗೆ ಹೆಚ್ಚಾಗಿ ತಿಂದು ನೋಡಿ.